ನಮ್ಮನ್ನು ಕಾಣದ ಲೈಟು

ಕೆ.ಆರ್. ಪೇಟೆ, ಹೊರಡುವ ಮೊದಲು

ನ್ಯೂಜಿಲೆಂಡಿಗೆ ಹೋಗಿ ಬಂದಾಗ ಡಿಪೋದಲ್ಲಿ ಎಲ್ಲರೂ ಫೋಟೊ ಕೇಳಿದರು. ನನ್ನ ಫೋನಿನಲ್ಲಿರುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಗದವು. ಒಂದು ಕೂಡುರಸ್ತೆ, ಟಾರಿನ ಮೇಲೆ ಕೊರೆದ ಗೆರೆಗಳು, ಒಂದು ಸಿಗ್ನಲ್ ಕಂಬ. ಅವನ್ನು ಯಾರಿಗೂ ತೋರಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ನಾಗಮಂಗಲದಲ್ಲಿ ಕೆಲಸಕ್ಕೆ ಸೇರಿದೆ. ಈಗ ಕೆ.ಆರ್. ಪೇಟೆಯಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿದ್ದೇನೆ. ನನ್ನ ತಮ್ಮ ಶಿವಲಿಂಗ, ನಮ್ಮ ಬಾಯಲ್ಲಿ ಸಿವ, ನ್ಯೂಜಿಲೆಂಡಿನ ಒಂದು ಹೈನು ಫಾರಂನಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದಾನೆ. ಅವನ ಹೆಂಡತಿ ಸವಿತ, ಮಗು, ಪಾಂಡವಪುರದಲ್ಲಿದ್ದಾರೆ. ಬರುವ ವರ್ಷ ಅವರಿಬ್ಬರೂ ಅಲ್ಲಿಗೆ ಹೋಗಿ ಇರುವುದೆಂದು ಅರ್ಜಿ ಹಾಕಿಯಾಗಿತ್ತು. ಅದಕ್ಕೆ ಮೊದಲು ನಾನೊಮ್ಮೆ ಬಂದು ನೋಡಬೇಕೆಂದು ಸಿವ ಹಟ ಹಿಡಿದ. ಅವ್ವ ಹೋದ ಮೇಲೆ ಅವನನ್ನು ಬೆಳೆಸಿದ್ದು ನಾನು. ರಜ ಹಾಕಿ ಹೊರಟೆ.

ನಮ್ಮ ರೂಟಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಒಂದು ಸಿಗ್ನಲ್ ಇದೆ. ಅದು ತನ್ನ ಪಾಡಿಗೆ ಬದಲಾಗುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ ಕೆಂಪು, ಊರೆಲ್ಲ ಬಂದು ನಿಂತರೂ ಕೆಂಪು. ಕೆಲವು ದಿನ ಬರೀ ಹಳದಿ ಮಿಟುಕಿಸುತ್ತದೆ. ಆಗ ಪೊಲೀಸಿನವರ ಕೈ ನೋಡುತ್ತೇವೆ, ಅವರೂ ಇಲ್ಲದಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾಟುತ್ತೇವೆ. ಸಿಗ್ನಲ್ಲಿಗೆ ಜನ ಕಾಣುತ್ತಾರೆ, ಕಾಣುವುದಿಲ್ಲ ಎಂಬ ಯೋಚನೆಯೇ ನನಗೆ ಯಾವತ್ತೂ ಬಂದಿರಲಿಲ್ಲ.

ವಿಮಾನ ನಿಲ್ದಾಣ

ಆಕ್ಲೆಂಡಿನಲ್ಲಿ ಇಳಿದಾಗ ಮೊದಲು ತಡೆದದ್ದು ನನ್ನ ಚಪ್ಪಲಿಯನ್ನು. ಹೊಲ ಗದ್ದೆಗೆ ಹೋಗಿದ್ದಿರಾ ಎಂದು ಕೇಳಿದರು. ಹೊರಡುವ ಹಿಂದಿನ ದಿನ ತೊಣ್ಣೂರಿನಲ್ಲಿ ನಮ್ಮ ಪಾಲಿನ ಗದ್ದೆಗೆ ಹೋಗಿದ್ದೆ, ಹೌದೆಂದೆ. ಕೈಗವಸು ಹಾಕಿದ ಹುಡುಗಿಯೊಬ್ಬಳು ಚಪ್ಪಲಿಯನ್ನು ಒಳಗೆ ತೆಗೆದುಕೊಂಡು ಹೋಗಿ, ಅಟ್ಟೆಯ ಸಂದಿನ ಮಣ್ಣನ್ನೆಲ್ಲ ಕೆರೆದು, ತೊಳೆದು, ಒರೆಸಿ ತಂದುಕೊಟ್ಟಳು. ನಾನು ತಂದಿದ್ದ ಹುರುಳಿಕಾಳನ್ನು ಮಾತ್ರ ಕೊಡಲಿಲ್ಲ. ನನ್ನ ಚಪ್ಪಲಿಯನ್ನು ಇನ್ನೊಬ್ಬರು ತೊಳೆದದ್ದು ಅದೇ ಮೊದಲು. ನಾಚಿಕೆಯಾಗಿ ತಲೆ ತಗ್ಗಿಸಿ ನಿಂತಿದ್ದೆ.

ಹೊರಗೆ ಸಿವನ ಜೊತೆ ಅವನ ಸಹೋದ್ಯೋಗಿ ಕುಮಾರ ಬಂದಿದ್ದ. ಕುಮಾರ ಸಂತೆಬಾಚಹಳ್ಳಿಯವನು. ಮೂವತ್ತು ದಾಟಿದವನು, ಬಾಯಿ ಮುಚ್ಚದವನು. ಹುರುಳಿಕಾಳು ಹೋಯಿತೆಂದು ತಿಳಿದ ಕೂಡಲೇ ಅವನ ಮುಖ ಬಾಡಿತು.

"ಅಕ್ಕ, ನೀವು ಬರ್ದೇ ಇದ್ರೂ ತಡಕಬೋದಿತ್ತು, ಉಳ್ಳಿಕಾಳು ಬರಬೇಕಿತ್ತು."

"ಮುಚ್ಲಾ ಬಾಯ," ಎಂದು ಸಿವ ನನ್ನ ಚೀಲ ಎತ್ತಿಕೊಂಡ.

ಫಾರಂ ಇರುವ ಊರು ಸೇರುವಷ್ಟರಲ್ಲಿ ನಾನು ಕಂಡ ಇನ್ನೊಂದು ವಿಷಯವನ್ನು ಡಿಪೋದವರಿಗಾಗಿ ಬರೆಯುತ್ತೇನೆ. ಅಲ್ಲಿ ಬಸ್ಸಿಗೆ ಕಂಡಕ್ಟರಿಲ್ಲ. ಇಳಿಯುವವರು ಒಬ್ಬೊಬ್ಬರೂ ಹಿಂದಿನ ಬಾಗಿಲಿನಿಂದಲೇ ಕೂಗಿ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಶಾಲೆಯ ಮಕ್ಕಳೂ ಹೇಳುತ್ತಾರೆ. ಡ್ರೈವರ್ ಕೈ ಎತ್ತುತ್ತಾರೆ, ಅಷ್ಟೆ. ರಸ್ತೆ ದಾಟುವವರಿಗೆ ಕಂಬದಲ್ಲೊಂದು ದೊಡ್ಡ ಗುಂಡಿ ಇದೆ. ಒತ್ತಿದರೆ ಟಿಕ್ ಟಿಕ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ದೊಡ್ಡ ದೊಡ್ಡ ಲಾರಿಗಳೆಲ್ಲ ನಿಂತುಬಿಡುತ್ತವೆ. ನಾನು ಮೊದಲ ವಾರ ಕೆಲಸವಿಲ್ಲದಿದ್ದರೂ ಒಂದೆರಡು ಸಲ ಒತ್ತಿ ದಾಟಿ, ಮತ್ತೆ ಒತ್ತಿ ವಾಪಸ್ಸು ಬಂದಿದ್ದೇನೆ. ನನ್ನ ಬೆರಳಿಗೆ ಲಾರಿ ನಿಲ್ಲುವುದನ್ನು ನೋಡುವ ಆಸೆ.

ಫಾರಂ

ಫಾರಂನಲ್ಲಿ ಹಸುಗಳು ತಾವೇ ನಡೆದು ಬಂದು ಹಾಲಿನ ಶೆಡ್ಡಿನ ಮುಂದೆ ನಿಲ್ಲುತ್ತವೆ. ಒಂದೊಂದರ ಕಿವಿಗೂ ಒಂದು ಬಿಲ್ಲೆ. ಹಸು ಬಾಗಿಲ ಹತ್ತಿರ ಬಂದರೆ ಬಾಗಿಲು ಬಿಲ್ಲೆಯನ್ನು ಗುರುತು ಹಿಡಿದು ಯಾವ ಕಡೆ ಹೋಗಬೇಕೋ ಆ ಕಡೆ ತೆರೆದುಕೊಳ್ಳುತ್ತದೆ. ಕಾಯಿಲೆಯ ಹಸು ಒಂದು ಕಡೆ, ಹಾಲಿನ ಹಸು ಒಂದು ಕಡೆ. ಕುಮಾರ ಅದನ್ನು ಹೆಮ್ಮೆಯಿಂದ ತೋರಿಸಿದ.

"ಇಲ್ಲಿ ಹಸೂನ ಬಾಗ್ಲು ನೋಡ್ತದೆ ಕಣಕ್ಕ. ನಮ್ಮನ್ನ ಮಾತ್ರ ಸಿಗ್ನಲ್ಲು ನೋಡಾಕಿಲ್ಲ."

"ಅದೇನ್ಲಾ ಅದು?"

ಫಾರಂನಿಂದ ಊರಿಗೆ ಹೋಗುವ ಸಣ್ಣ ರಸ್ತೆ ಹೆದ್ದಾರಿಯನ್ನು ದಾಟುವಲ್ಲಿ ಒಂದು ಸಿಗ್ನಲ್ ಇದೆ. ಹೆದ್ದಾರಿಗೆ ಯಾವಾಗಲೂ ಹಸಿರು. ಸಣ್ಣ ರಸ್ತೆಗೆ ಯಾರಾದರೂ ಬಂದು ನಿಂತರೆ ಮಾತ್ರ ಹಸಿರು ಬೀಳುತ್ತದೆ. ಕಾರು ಬಂದರೆ ಬೀಳುತ್ತದೆ, ಬೈಕು ಬಂದರೆ ಬೀಳುವುದಿಲ್ಲ. ಸಿವ, ಕುಮಾರ ಇಬ್ಬರೂ ಬೈಕಿನವರು. ಹಿಂದಿನಿಂದ ಒಂದು ಕಾರು ಬರುವ ತನಕ ಕಾಯುವುದೇ ಅವರ ರೂಢಿ.

ಯಾಕೆ ಬೀಳುವುದಿಲ್ಲ ಎಂಬುದಕ್ಕೆ ಅಡುಗೆಮನೆಯಲ್ಲಿ ದಿನಾ ಜಗಳ. ಸಿಗ್ನಲ್ಲಿನ ಮೇಲೆ ಕ್ಯಾಮೆರಾ ಇದೆ, ಹೆಡ್‌ಲೈಟನ್ನು ಮಿಟುಕಿಸಿದರೆ ಅದಕ್ಕೆ ಕಾಣುತ್ತದೆ ಎಂದು ಸಿವ. ಮೂರು ಸಲ ಮಿಟುಕಿಸಿದಾಗ ಬಿದ್ದಿತ್ತು ಎಂದು ಸಾಕ್ಷಿ ಬೇರೆ.

"ಬಿದ್ದಿದ್ದು ನಿನ್ ಲೈಟಿಗಲ್ಲ ಕಣ್ಲಾ, ಇಂದೆ ಪಿಕಪ್ಪು ಬಂದು ನಿಂತಿತ್ತು," ಎಂದು ಕುಮಾರ. ಅವನದು ಭಾರದ ವಾದ. "ನೆಲ ತೂಕ ನೋಡ್ತದೆ. ನೀನು ವಸಿ ಊಟ ಮಾಡು, ತಾನೇ ಬೀಳ್ತದೆ."

"ಅಂಗಾರೆ ಅಕ್ಕನ್ನ ಕೂರಿಸ್ಕಂಡು ಓಗ್ತೀನಿ. ಬೀಳ್ತದೋ ಇಲ್ವೋ ನೋಡವ."

"ಕಿವೀಗೊಂದು ಬಿಲ್ಲೆ ಆಕಿಸ್ಕಳ್ಲಾ, ಅಸ್ಟೇಯ."

ನಾನೂ ನಕ್ಕೆ. ಆ ನಗು ನೆನಪಿದೆ. ನೀರು ಕುದಿಯುತ್ತಿತ್ತು, ಸಿವ ಮುದ್ದೆ ತಿರುವುತ್ತಿದ್ದ.

ಕೂಡುರಸ್ತೆ

ಭಾನುವಾರ ಮಧ್ಯಾಹ್ನ. ನೋಡಿದ್ದನ್ನು ನೋಡಿದ ಕ್ರಮದಲ್ಲಿ ಬರೆಯುತ್ತೇನೆ.

ಊರಿನಲ್ಲಿ ತರಕಾರಿ ತೆಗೆದುಕೊಂಡು ಫಾರಂಗೆ ವಾಪಸ್ಸು ಬರುತ್ತಿದ್ದೆವು. ಸಿವ ಬೈಕು ಓಡಿಸುತ್ತಿದ್ದ, ನಾನು ಹಿಂದೆ ಕೂತಿದ್ದೆ. ಇಬ್ಬರಿಗೂ ಹೆಲ್ಮೆಟ್ ಇತ್ತು. ಮಳೆ ಹನಿದು ನಿಂತಿತ್ತು, ರಸ್ತೆ ಒದ್ದೆಯಾಗಿತ್ತು. ಸಂಜೆಯ ಹಾಲು ಕರೆಯಲು ಸಿವ ಹೋಗಬೇಕಿತ್ತು. ಹಸುಗಳು ಆಗಲೇ ಶೆಡ್ಡಿನ ಮುಂದೆ ಬಂದು ನಿಂತಿರುತ್ತವೆ, ಹೊತ್ತು ಮೀರಿದರೆ ಕೆಚ್ಚಲು ಬಿಗಿಯುತ್ತದೆ ಎಂದು ದಾರಿಯಲ್ಲಿ ಹೇಳಿದ್ದ.

ಸಿಗ್ನಲ್ ಕೆಂಪಿತ್ತು. ಸಿವ ರಸ್ತೆಯ ಎಡ ಅಂಚಿಗೆ ಹೋಗಿ ನಿಲ್ಲಿಸಿದ. ನನ್ನ ಎಡಗಾಲು ಹುಲ್ಲಿಗೆ ತಾಗುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ಹೆದ್ದಾರಿಯಲ್ಲಿ ಆಗೊಂದು ಈಗೊಂದು ಗಾಡಿ. ಸಿವ ಹೆಡ್‌ಲೈಟ್ ಮಿಟುಕಿಸಿದ. ಬೈಕನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಮುಂದಕ್ಕೆ ತಂದ. ಮತ್ತೆ ಮಿಟುಕಿಸಿದ. ಎಷ್ಟು ಹೊತ್ತು ನಿಂತಿದ್ದೆವು ಎಂದು ಆಮೇಲೆ ಎಲ್ಲರೂ ಕೇಳಿದರು. ನಾನು ಗಡಿಯಾರ ನೋಡಿರಲಿಲ್ಲ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸುವಷ್ಟು ಹೊತ್ತು. ಅಷ್ಟು ಹೊತ್ತು ಬರಿಯ ರಸ್ತೆಯಲ್ಲಿ ನಿಂತರೆ ಬಹಳ ಅನ್ನಿಸುತ್ತದೆ.

ನಾನು ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ಸಿವ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಇನ್ನೊಮ್ಮೆ ಬಲಕ್ಕೆ ನೋಡಿದ. ಬಲಕ್ಕೆ ರಸ್ತೆ ತಿರುಗುತ್ತದೆ, ತಿರುವಿನ ಆಚೆ ಕಾಣುವುದಿಲ್ಲ. ಅವನು ಬೈಕು ಬಿಟ್ಟ. ಆಗಲೂ ಲೈಟು ಕೆಂಪಿತ್ತು. ನಾನು ಅವನ ಭುಜದ ಮೇಲಿನಿಂದ ಅದನ್ನೇ ನೋಡುತ್ತಿದ್ದೆ.

ನಡು ರಸ್ತೆಗೆ ಬಂದಿದ್ದೆವು. ತಿರುವಿನಿಂದ ಒಂದು ಬಿಳಿ ಕಾರು ಬಂತು. ಜೋರಾಗಿಯೂ ಇರಲಿಲ್ಲ, ಮೆಲ್ಲಗೂ ಇರಲಿಲ್ಲ. ಗಾಜಿನ ಹಿಂದೆ ಒಬ್ಬ ಮುದುಕರ ಮುಖ ಕಂಡೆ. ಕನ್ನಡಕ ಇತ್ತು. ಅವರು ನಮ್ಮನ್ನು ಕಂಡರು, ಅದು ನನಗೆ ಖಚಿತ. ಕಂಡಿದ್ದಕ್ಕೇ ಕಾರನ್ನು ಪಕ್ಕಕ್ಕೆ ಎಳೆದರು. ಕಾರಿನ ಹಿಂಭಾಗ ನಮ್ಮ ಮುಂದಿನ ಚಕ್ರಕ್ಕೆ ತಾಗಿತು. ನಾನು ಹುಲ್ಲಿನಲ್ಲಿದ್ದೆ. ಈರುಳ್ಳಿಗಳು ರಸ್ತೆಯ ಮೇಲೆ ಉರುಳಿ ಹೋಗುತ್ತಿದ್ದವು. ಕಾರು ಸಿಗ್ನಲ್ಲಿನ ಆಚೆಯ ಕಾಂಕ್ರೀಟು ಕಂಬಕ್ಕೆ ಒರಗಿ ನಿಂತಿತ್ತು. ಅದರ ಹಾರನ್ ನಿಲ್ಲದೆ ಕೂಗುತ್ತಿತ್ತು.

ಸಿವನ ಕಾಲು ಬೈಕಿನ ಕೆಳಗಿತ್ತು. "ಅಕ್ಕ, ಅವ್ರನ್ನ ನೋಡೋಗು," ಎಂದ. ಹೋದೆ. ಬಾಗಿಲು ತೆರೆಯಲಾಗಲಿಲ್ಲ. ಒಳಗಿನವರು ಕಣ್ಣು ಬಿಟ್ಟುಕೊಂಡಿದ್ದರು. ನಾನು ಕನ್ನಡದಲ್ಲೇ ಅಪ್ಪಾ ಅಪ್ಪಾ ಎಂದು ಕರೆಯುತ್ತಾ ಗಾಜು ತಟ್ಟುತ್ತಿದ್ದೆ. ಅಷ್ಟರಲ್ಲಿ ನಮ್ಮ ಸಣ್ಣ ರಸ್ತೆಗೆ ಯಾವುದೋ ಕಾರು ಬಂದು ನಿಂತಿತು. ಲೈಟು ಹಸಿರಾಯಿತು.

ಆಸ್ಪತ್ರೆ

ಸಿವನ ಸೊಂಟದ ಮೂಳೆ, ತೊಡೆಯ ಮೂಳೆ ಮುರಿದಿದ್ದವು. ನನ್ನ ಮೊಣಕೈ ತರಚಿತ್ತು, ಅಷ್ಟೆ. ಮುದುಕರು ಮರುದಿನ ತೀರಿಕೊಂಡರು.

ಸುದ್ದಿ ತಂದವನು ಕುಮಾರ. ನನ್ನನ್ನು ವಾರ್ಡಿನಿಂದ ಆಚೆ ಕರೆದು, ಗೋಡೆ ನೋಡಿಕೊಂಡು ಹೇಳಿದ. ಆಮೇಲೆ ಇನ್ನೊಂದು ಮಾತು ಹೇಳಿದ.

"ಅಕ್ಕ, ಆವಯ್ಯಂಗೆ ಕಣ್ಣು ಸರಿಯಾಗಿ ಕಾಣ್ತಿರ್ನಿಲ್ವಂತೆ. ಗಾಡಿ ಓಡಿಸ್ಬೇಡ ಅಂತ ಮಕ್ಳು ಬೈತಿದ್ರಂತೆ. ಊರ್ನಾಗೆಲ್ಲಾ ಅಂದ್ಕತಾವ್ರೆ, ಆವಯ್ಯನೇ ಕೆಂಪು ನೋಡ್ದೆ ನುಗ್ಗವ್ನೆ ಅಂತ."

"ನೋಡಿದ್ಯಾರಪ್ಪ?"

"ಯಾರೂ ಇಲ್ಲ. ಸಿವ ಏನೂ ಗ್ಯಾನ ಇಲ್ಲ ಅಂದವ್ನೆ. ಕ್ಯಾಮೆರಾ ಪಮೆರಾ ಏನೂ ಇಲ್ವಂತೆ. ಇರೋದು ನೀವೊಬ್ರೇಯ."

ಸಂಜೆ ಪಾಂಡವಪುರದ ಸವಿತಳ ಮನೆಯಿಂದ ಫೋನು ಬಂತು. ಮಾತಾಡಿದ್ದು ಕೆ.ಆರ್. ಪೇಟೆಯ ದೊಡ್ಡಪ್ಪ, ಅಪ್ಪನ ಅಣ್ಣ. ಅಪ್ಪ ಹೋದ ಮೇಲೆ ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ನಿಂತವರು ಅವರು.

"ಅಸುರು ಇತ್ತು ಅಂತ ಯೋಳ್ಬುಡು ಮಗ. ಒಂದೇ ಮಾತು. ಓಗಿರೋ ಜೀವ ಓಗದೆ, ಇನ್ನೆಂಗೂ ಬರಾಕಿಲ್ಲ. ನಮ್ಮುಡ್ಗ ಉಳೀಲಿ."

"ಕೆಂಪಿತ್ತು ದೊಡ್ಡಪ್ಪ."

"ನಿಂಗ್ ಕಂಡದ್ದು ನಿನ್ ಒಟ್ಟೇಲಿ ಇರ್ಲಿ. ನಾನು ಕೇಳ್ನಿಲ್ಲ ಅದ." ಆಮೇಲೆ, "ನಾಗಮಂಗ್ಲದ ಕೋರ್ಟ್‌ನಾಗೆ ನೋಡ್ನಿಲ್ವಾ ನೀನೇಯ?" ಎಂದರು.

ನೋಡಿದ್ದೆ. ಹಿಂದೊಮ್ಮೆ ನಮ್ಮ ಬಸ್ಸಿಗೂ ಒಂದು ಟ್ರಾಕ್ಟರಿಗೂ ಆದ ಅಪಘಾತದ ಕೇಸಿನಲ್ಲಿ ಸಾಕ್ಷಿಗೆ ಹೋಗಿದ್ದೆ. ಬಸ್ಸಿನೊಳಗಿದ್ದವರೆಲ್ಲ ಒಂದು ಮಾತು ಹೇಳಿದರು, ಟ್ರಾಕ್ಟರಿನ ಊರಿನವರೆಲ್ಲ ಇನ್ನೊಂದು. ಯಾರೂ ಯಾರ ಮೇಲೂ ಸಿಟ್ಟಾಗಲಿಲ್ಲ. ಹೊರಗೆ ಬಂದು ಒಂದೇ ಅಂಗಡಿಯಲ್ಲಿ ಟೀ ಕುಡಿದರು.

ದೊಡ್ಡಪ್ಪ ಫೋನನ್ನು ಸವಿತಳಿಗೆ ಕೊಟ್ಟರು. ಸವಿತ ಏನೂ ಕೇಳಲಿಲ್ಲ. ಆಮೇಲೆ ಫೋನನ್ನು ಮಗುವಿನ ಕೈಗೆ ಕೊಟ್ಟಳು. ಮಗು ಅತ್ತೇ ಅತ್ತೇ ಎಂದು ಕರೆಯಿತು.

ಸಿವನ ಹತ್ತಿರ ಹೋಗಿ ಕೂತೆ. ಅವನಿಗೆ ಎಲ್ಲ ನೆನಪಿದೆ ಎಂದು ನನಗೆ ಗೊತ್ತಿತ್ತು. ಅವನು ಚಾವಣಿ ನೋಡುತ್ತಾ ಹೇಳಿದ:

"ನೀ ಏನ್ ಯೋಳ್ತೀಯೋ ಅದೇಯ ಅಕ್ಕ. ನಾ ಏನೂ ಕೇಳಾಕಿಲ್ಲ."

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡ. ಅದೂ ಒಂದು ಕೇಳುವ ರೀತಿಯೇ.

ಮತ್ತೆ ಕೂಡುರಸ್ತೆ

ಹೇಳಿಕೆಗೆ ಮುಂಚೆ ಒಬ್ಬ ಪೊಲೀಸ್ ಹೆಂಗಸು ಆಸ್ಪತ್ರೆಗೆ ಬಂದು ನಮ್ಮ ವಿಳಾಸ ಕೇಳಿದರು. ನನಗೆ ಬರುವ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದೆ. ಆ ಲೈಟು ಬೈಕಿಗೆ ಯಾಕೆ ಬದಲಾಗುವುದಿಲ್ಲ? ಬದಲಾಗುತ್ತದೆ ಎಂದರು. ಟಾರಿನಲ್ಲಿ ಚೌಕವಾಗಿ ಕೊರೆದ ಗೆರೆ ಇದೆ, ಅದರೊಳಗೆ ತಂತಿಯ ಸುರುಳಿ ಹೂತಿರುತ್ತದೆ. ಮೇಲೆ ಕಬ್ಬಿಣದ ಗಾಡಿ ಬಂದು ನಿಂತರೆ ತಂತಿಗೆ ಗೊತ್ತಾಗುತ್ತದೆ. ಭಾರ ಅಲ್ಲ, ಬೆಳಕೂ ಅಲ್ಲ. ಬೈಕಿನಲ್ಲಿ ಲೋಹ ಕಡಿಮೆ, ಅದಕ್ಕೆ ಆ ಗೆರೆಯ ಮೇಲೆಯೇ ನಿಲ್ಲಬೇಕು. "ನಿಮ್ಮ ತಮ್ಮ ಎಲ್ಲಿ ನಿಂತಿದ್ದರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅದನ್ನೆಲ್ಲ ಠಾಣೆಯಲ್ಲಿ ಹೇಳಿ ಎಂದರು.

ಮರುದಿನ ಮಧ್ಯಾಹ್ನ ಕುಮಾರನಿಗೆ ಹೇಳಿ ಅವನ ಬೈಕಿನಲ್ಲಿ ಅಲ್ಲಿಗೆ ಹೋದೆ. ಕಂಬದ ಬುಡದಲ್ಲಿ ಯಾರೋ ಹೂವು ಇಟ್ಟಿದ್ದರು, ಪ್ಲಾಸ್ಟಿಕ್ ಸುತ್ತಿದ ಹೂವು. ರಸ್ತೆಯಂಚಿನ ಹುಲ್ಲಿನಲ್ಲಿ ಒಂದು ಈರುಳ್ಳಿ ಹಾಗೇ ಬಿದ್ದಿತ್ತು.

ಸಿವ ನಿಲ್ಲಿಸಿದ್ದ ಜಾಗದಲ್ಲೇ ಕುಮಾರ ನಿಲ್ಲಿಸಿದ. ಕಾದೆವು. ಬೀಳಲಿಲ್ಲ. ಹೆಡ್‌ಲೈಟ್ ಮಿಟುಕಿಸಿದ. ಬೀಳಲಿಲ್ಲ. ಒಂದು ಕಾರು ಬಂದು ನಮ್ಮ ಬಲಕ್ಕೆ, ರಸ್ತೆಯ ನಡುವಿಗೆ ನಿಂತಿತು. ಹಸಿರು ಬಿತ್ತು. ನಾವು ದಾಟದೆ ಅಲ್ಲೇ ಉಳಿದೆವು. ಕಾರಿನವನು ನಮ್ಮನ್ನು ವಿಚಿತ್ರವಾಗಿ ನೋಡಿ ಹೋದ.

ರಸ್ತೆ ಖಾಲಿಯಾದ ಮೇಲೆ ನಾನು ಇಳಿದು ನೋಡಿದೆ. ಗೆರೆ ಇತ್ತು. ಬಿಳಿ ಪಟ್ಟೆಯ ಹಿಂದೆ, ರಸ್ತೆಯ ನಡುವೆ, ಕಪ್ಪು ಟಾರಿನಲ್ಲಿ ಇನ್ನೂ ಕಪ್ಪಗೆ, ಬಾಗಿಲಿನಷ್ಟು ಅಗಲದ ಚೌಕ. ಒದ್ದೆ ರಸ್ತೆಯಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಸಿವನ ಬೈಕು ನಿಂತಿದ್ದ ಜಾಗಕ್ಕೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ.

"ಇಲ್ಲಿಗ್ ತತ್ತಾಪ್ಪ," ಎಂದೆ.

ಕುಮಾರ ಬೈಕನ್ನು ತಳ್ಳಿಕೊಂಡು ಬಂದು ಎರಡೂ ಚಕ್ರಗಳನ್ನು ಗೆರೆಯ ಮೇಲೆ ಇಟ್ಟ. ಹೆದ್ದಾರಿಗೆ ಹಳದಿ ಬಿತ್ತು, ಕೆಂಪು ಬಿತ್ತು. ನಮಗೆ ಹಸಿರು ಬಿತ್ತು. ಯಾವ ಗಲಾಟೆಯೂ ಇಲ್ಲದೆ, ಅದಕ್ಕಾಗಿಯೇ ಕಾದಿತ್ತೋ ಎಂಬಂತೆ.

ಕುಮಾರ ಹ್ಯಾಂಡಲ್ ಹಿಡಿದುಕೊಂಡು ಗೆರೆಯನ್ನೇ ನೋಡುತ್ತಿದ್ದ. ನಾನು ಎಡಕ್ಕೆ ತಿರುಗಿದೆ. ಸಿವ ನಿಂತಿದ್ದ ಅಂಚಿನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಂತೆ, ನಡೆಯುವವರು ಒತ್ತುವ ಗುಂಡಿ ಇತ್ತು. ಅದನ್ನು ಒತ್ತಿದ್ದರೂ ಸಾಕಿತ್ತು, ಹೆದ್ದಾರಿಯ ಗಾಡಿಗಳು ನಿಲ್ಲುತ್ತಿದ್ದವು. ಇಳಿಯುವುದೂ ಬೇಕಿರಲಿಲ್ಲ.

ಹಿಂದಿರುಗುವಾಗ ಅಪ್ಪನ ನೆನಪು ಬಂತು. ಸಿವನಿಗೆ ಮೊಪೆಡ್ ಕಲಿಸಿದ್ದು ಅಪ್ಪ, ಪಾಂಡವಪುರದ ರಸ್ತೆಯಲ್ಲಿ, ಕಬ್ಬಿನ ಲಾರಿಗಳು ಸಾಲುಗಟ್ಟಿ ಓಡಾಡುವ ಕಾಲದಲ್ಲಿ. ಹಿಂದೆ ಕೂತು ಅವನ ಬೆನ್ನಿಗೆ ಗುದ್ದಿ ಗುದ್ದಿ ಹೇಳುತ್ತಿದ್ದರು: "ಮಗ್ಗುಲಿಗೋಗ್ಲಾ ಮಗ್ಗುಲಿಗೆ. ರೋಡು ದೊಡ್ ಗಾಡಿಯವ್ರದು. ಅಂಚು ನಮ್ದು." ಹಾಗೆ ಕಲಿತಿದ್ದರಿಂದಲೇ ಸಿವ ನಮ್ಮ ಕಡೆಯ ರಸ್ತೆಗಳಲ್ಲಿ ಅಷ್ಟು ವರ್ಷ ಜೀವ ಉಳಿಸಿಕೊಂಡಿದ್ದ.

ಪೊಲೀಸ್ ಠಾಣೆ

ನನ್ನ ಹೇಳಿಕೆಗೆ ಕನ್ನಡ ಬರುವವರೊಬ್ಬರನ್ನು ಫೋನಿನಲ್ಲಿ ಕರೆದರು. ಬೇರೆ ಯಾವುದೋ ಊರಿನಲ್ಲಿ ಕೂತ ಹೆಂಗಸು. ಪುಸ್ತಕದ ಕನ್ನಡ ಮಾತಾಡಿದರು. ಮೇಜಿನ ಮೇಲೆ ಸ್ಪೀಕರ್, ಈ ಕಡೆ ನಾನು, ಆ ಕಡೆ ಅದೇ ಪೊಲೀಸ್ ಹೆಂಗಸು. ಕುಡಿಯಲು ನೀರಿಟ್ಟಿದ್ದರು. ಕಿಟಕಿಯ ಆಚೆ ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು.

"ತಾವು ರಸ್ತೆಯನ್ನು ದಾಟಲು ಆರಂಭಿಸಿದಾಗ ದೀಪದ ಬಣ್ಣ ಯಾವುದಾಗಿತ್ತು?" ಎಂದು ಸ್ಪೀಕರ್ ಕೇಳಿತು.

ಮಗು ಅತ್ತೇ ಎಂದು ಕರೆದದ್ದು ಕಿವಿಯಲ್ಲಿತ್ತು. ಗಾಜಿನ ಹಿಂದಿನ ಮುಖವೂ ಕಣ್ಣ ಮುಂದಿತ್ತು. ಅವರು ನಮ್ಮನ್ನು ಕಂಡರು, ಕಂಡು ಕಾರನ್ನು ಎಳೆದರು. ಎಳೆಯದಿದ್ದರೆ ನಾನು ಆ ಕುರ್ಚಿಯಲ್ಲಿ ಕೂತಿರುತ್ತಿರಲಿಲ್ಲ. ನಾನು ಹಸಿರು ಎಂದರೆ, ಕೆಂಪನ್ನು ಕಾಣದೆ ಬಂದ ಕುರುಡ ಎಂದು ಅವರು ಅನ್ನಿಸಿಕೊಳ್ಳಬೇಕಿತ್ತು. ಆ ದಿನ ಅಲ್ಲಿ ಎಲ್ಲವನ್ನೂ ಸರಿಯಾಗಿ ಕಂಡವರು ಅವರೊಬ್ಬರೇ.

"ಕೆಂಪು," ಎಂದೆ.

ಸ್ಪೀಕರಿನ ಹೆಂಗಸು ಅದನ್ನು ಒಡನೆ ಇಂಗ್ಲಿಷಿಗೆ ಮಾಡಲಿಲ್ಲ. "ಕೆಂಪು ಎಂದಿರಾ?" ಎಂದು ನನ್ನನ್ನೇ ಕೇಳಿದರು. ಆ ಒಂದು ಗಳಿಗೆ ಅವರ ದನಿ ನಮ್ಮ ಕಡೆಯ ಯಾರದೋ ಮನೆಯ ಹೆಂಗಸಿನ ದನಿಯಂತಿತ್ತು. ಬದಲಾಯಿಸಲು ಅವಕಾಶ ಕೊಟ್ಟರು ಎಂದು ಈಗ ಅನ್ನಿಸುತ್ತದೆ.

"ಹೌದು. ಕೆಂಪು."

ಮಿಕ್ಕಿದ್ದನ್ನೂ ಹೇಳಿದೆ. ಎಷ್ಟು ಹೊತ್ತು ನಿಂತಿದ್ದೆವು, ಎಲ್ಲಿ ನಿಂತಿದ್ದೆವು, ನನ್ನ ಕಾಲು ಹುಲ್ಲಿಗೆ ತಾಗಿತ್ತು, ಕುಮಾರನ ಬೈಕನ್ನು ಗೆರೆಯ ಮೇಲೆ ಇಟ್ಟಾಗ ಏನಾಯಿತು. ಅಂಚಿಗೆ ಯಾಕೆ ನಿಂತರು ಎಂದು ಕೇಳಿದರು. ನಮ್ಮ ಕಡೆ ಬೈಕಿನವರು ಅಲ್ಲೇ ನಿಲ್ಲುವುದು ಎಂದೆ. ನಿಯಮವೇ ಎಂದು ಕೇಳಿದರು. ಅಲ್ಲ, ಹಾಗೆ ನಿಂತರೆ ಬದುಕುತ್ತಾರೆ ಎಂದೆ. ಅದನ್ನು ಇಂಗ್ಲಿಷಿಗೆ ಮಾಡುವುದಕ್ಕೆ ಸ್ಪೀಕರ್ ಸ್ವಲ್ಪ ಹೊತ್ತು ತೆಗೆದುಕೊಂಡಿತು.

ವಾರ್ಡಿನ ಬಾಗಿಲು

ತೀರಿಕೊಂಡವರ ಹೆಂಡತಿ ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು. ಆಗಲಿ ಎಂದಿದ್ದೆ. ಬಂದವರು ಬೆಳ್ಳಗಿನ ಕೂದಲಿನ, ನೆಟ್ಟಗೆ ನಿಲ್ಲುವ ಹೆಂಗಸು. ಮಗಳು ತೋಳು ಹಿಡಿದಿದ್ದಳು. ಒಳಗೆ ಬರಲಿಲ್ಲ. ನಾನೇ ಬಾಗಿಲಿಗೆ ಹೋದೆ. ಕೈ ಮುಗಿದೆ, ಅವರಿಗೆ ಅದೇನೆಂದು ತಿಳಿಯಿತೋ ಇಲ್ಲವೋ.

ಅವರ ಪ್ರಶ್ನೆ ಸಣ್ಣದು, ನನಗೂ ಅರ್ಥವಾಗುವಂಥದ್ದು. ತಮ್ಮ ಗಂಡನಿಗೆ ಹಸಿರಿತ್ತೇ?

ಹಸಿರಿತ್ತು ಎಂದೆ. ನಮ್ಮನ್ನು ಕಂಡು ಕಾರು ತಿರುಗಿಸಿದರು ಎಂದೆ.

ಅವರು ಮಗಳ ಕಡೆ ತಿರುಗಿ ಏನೋ ಹೇಳಿದರು. ನನಗೆ ತಿಳಿದದ್ದು ಇಷ್ಟು: ನಾನು ಹೇಳಿರಲಿಲ್ಲವೇ. ಮಗಳು ಅಳತೊಡಗಿದಳು. ಗಾಡಿ ಓಡಿಸಬೇಡ ಎಂದು ಅಪ್ಪನಿಗೆ ಬೈಯುತ್ತಿದ್ದವಳು ಅವಳೇ ಇರಬೇಕು. ಮುದುಕಿ ಅಳಲಿಲ್ಲ. ನನ್ನ ಭುಜದಾಚೆ ಮಂಚದ ಮೇಲಿದ್ದ ಸಿವನನ್ನು ಒಮ್ಮೆಯೂ ನೋಡದೆ ತಿರುಗಿ ನಡೆದರು. ಕಾರಿಡಾರ್ ಉದ್ದವಾಗಿತ್ತು. ಕೊನೆಯ ತನಕ ನೆಟ್ಟಗೇ ನಡೆದರು.

ಸಿವನಿಗೆ ಎಲ್ಲ ಹೇಳಿದೆ. ಠಾಣೆಯಲ್ಲಿ ಹೇಳಿದ್ದನ್ನು ಹೇಳಿದೆ, ಗೆರೆಯ ವಿಷಯವನ್ನೂ ಹೇಳಿದೆ. ಅದನ್ನು ಹೇಳದಿದ್ದರೆ ಒಳ್ಳೆಯದಿತ್ತೇನೋ. ಅವನು ಕೆಂಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ನಡೂಮಧ್ಯಕ್ಕಾ ನಿಂತ್ಕಬೇಕಿತ್ತು?" ಎಂದ.

"ಊಂ."

"ಕಂಡೋರ ಊರ್ನಾಗೆ ನಡುರೋಡಿಗೆ ಓಗಿ ನಿಂತ್ಕಳಾಕಾಯ್ತದ ಅಕ್ಕ?"

ನಾನು ಅವನ ಹೊದಿಕೆ ಸರಿಮಾಡಿದೆ.

ಕೆ.ಆರ್. ಪೇಟೆ–ಮೈಸೂರು

ರಜ ಮುಗಿದು ವಾಪಸ್ಸು ಬಂದೆ. ಸಿವ ಅಲ್ಲೇ ಇದ್ದಾನೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಬೈಕು ಓಡಿಸುವ ಹಾಗಿಲ್ಲ. ಅವನನ್ನು ಅಲ್ಲಿ ಇರಗೊಡುತ್ತಾರೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಸವಿತಳ ಅರ್ಜಿ ಮುಂದಕ್ಕೆ ಹೋಗಿಲ್ಲ. ಅಂಚಿನಲ್ಲಿ ನಿಂತ ವಿಷಯವನ್ನು ಸಿವ ಫೋನಿನಲ್ಲಿ ಮನೆಯವರಿಗೆಲ್ಲ ಹೇಳಿದ್ದಾನೆ. ಸಿವ ಈಗ ಕೋಲು ಹಿಡಿದು ಫಾರಂನಿಂದ ಊರಿಗೆ ನಡೆದು ಹೋಗುತ್ತಾನೆ. ಗುಂಡಿ ಒತ್ತಿ, ಹಸಿರು ಬಿದ್ದ ಮೇಲೂ ಬಲಕ್ಕೆ ಎಡಕ್ಕೆ ನೋಡಿ, ಆಮೇಲೆ ದಾಟುತ್ತಾನಂತೆ. ಅವನು ದಾಟುವಷ್ಟರಲ್ಲಿ ಹಸಿರು ಮುಗಿದುಬಿಡುತ್ತದೆ, ಲಾರಿಗಳು ಕಾಯುತ್ತವೆ ಎಂದು ಕುಮಾರ ಫೋನಿನಲ್ಲಿ ಹೇಳಿದ.

ಸವಿತ ನನ್ನ ಜೊತೆ ಮಾತಾಡುತ್ತಾಳೆ, ಎಷ್ಟು ಬೇಕೋ ಅಷ್ಟು. ದೊಡ್ಡಪ್ಪ ಮಾತು ಬಿಟ್ಟರು. ಒಡಹುಟ್ಟಿದವನನ್ನು ಹಿಡಿದುಕೊಟ್ಟವಳು ಎಂದು ಮನೆಯಲ್ಲಿ ಅಂದರೆಂದು ಬೇರೆಯವರಿಂದ ಕೇಳಿದೆ. ಹಬ್ಬಕ್ಕೆ ಕರೆಯಲಿಲ್ಲ.

ಹೋದ ವಾರ ದೊಡ್ಡಪ್ಪ ನನ್ನ ಬಸ್ಸು ಹತ್ತಿದರು. ಕೆ.ಆರ್. ಪೇಟೆ ಸ್ಟ್ಯಾಂಡಿನಲ್ಲಿ, ಕೈಯಲ್ಲೊಂದು ಚೀಲ, ಮೈಸೂರಿನ ಆಸ್ಪತ್ರೆಗೆ ಹೋಗುವುದಿರಬೇಕು. ನನ್ನನ್ನು ಕಂಡು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರು. ಹಿಂದೆ ಜನ ತಳ್ಳುತ್ತಿದ್ದರು, ಇಳಿಯಲಾಗಲಿಲ್ಲ. ಎಡಗಡೆ ಕಿಟಕಿಯ ಪಕ್ಕ ಕೂತರು. ನಾನು ಟಿಕೆಟ್ಟಿಗೆ ಹೋದಾಗ ಕಿಟಕಿಯ ಆಚೆ ನೋಡಿಕೊಂಡು ಹೇಳಿದರು.

"ಮೈಸೂರು ಒಂದ್ ಕೊಡಮ್ಮ."

ಯಾವತ್ತೂ ಮಗ ಎನ್ನುತ್ತಿದ್ದವರು. ಟಿಕೆಟ್ ಹರಿದು ಕೊಟ್ಟೆ. ಪಾಂಡವಪುರ ದಾಟಿತು. ಅವರು ತಿರುಗಲಿಲ್ಲ.

ಶ್ರೀರಂಗಪಟ್ಟಣದ ಸಿಗ್ನಲ್ ಆವತ್ತು ಕೆಂಪಿತ್ತು. ನಮ್ಮ ಬಸ್ಸಿನ ಎಡ ಮಗ್ಗುಲಿಗೆ ಒಬ್ಬ ಬೈಕಿನವನು ನಿಂತಿದ್ದ. ಹ್ಯಾಂಡಲಿಗೆ ಹಾಲಿನ ಕ್ಯಾನು, ಹಿಂದೆ ಹೆಂಡತಿ. ಟಾರು ಮುಗಿದು ಮಣ್ಣು ಶುರುವಾಗುವಲ್ಲಿ, ಚಕ್ರ ಟಾರಿನ ಮೇಲೆ, ಕಾಲು ಮಣ್ಣಿನ ಮೇಲೆ. ಹಿಂದೆ ಕೂತವಳ ಸೀರೆಯಂಚು ಬೇಲಿಗೆ ತಾಗುತ್ತಿತ್ತು. ಇಬ್ಬರೂ ದೊಡ್ಡಪ್ಪನ ಕಿಟಕಿಯ ಕೆಳಗೇ ಇದ್ದರು. ದೊಡ್ಡಪ್ಪ ಅವರನ್ನು ನೋಡುತ್ತಿದ್ದರು.

ನಾನು ಅವರ ಹಿಂದಿನ ಸೀಟಿನ ಹತ್ತಿರ ಕಂಬಿ ಹಿಡಿದು ನಿಂತಿದ್ದೆ.

"ಸಿವ ಇಂಗೇ ನಿಂತಿದ್ನೇನವ್ವ?" ಎಂದರು. ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು.

"ಊಂ ದೊಡ್ಡಪ್ಪ. ಇಂಗೇಯ."

ಲೈಟು ಇನ್ನೂ ಬದಲಾಗಿರಲಿಲ್ಲ. ನಮ್ಮ ಡ್ರೈವರ್ ಹಾರನ್ ಒತ್ತಿದರು. ಬೈಕಿನವನು ತಿರುಗಿ ನೋಡಲಿಲ್ಲ. ಎರಡೂ ಕಾಲಿನಿಂದ ನೆಲ ಒದ್ದು ಒದ್ದು, ಬೈಕನ್ನು ಇನ್ನಷ್ಟು ಮಣ್ಣಿಗೆ ಸರಿಸಿಕೊಂಡ.